ಹೆಪ್ಪು ಹಾಕುವ ಮೊದಲು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸ್ಲೋ ಕುಕ್ಕರಿನಲ್ಲಿ, ಅಂದರೆ ನಿಧಾನವಾಗಿ ಬೇಯಿಸುವ ಆ ಕರೆಂಟಿನ ಪಾತ್ರೆಯಲ್ಲಿ, ಹೆಪ್ಪು ಹಾಕಿದ್ದು ಬೆಳಿಗ್ಗೆ ನೋಡಿದರೆ ಹಾಲಾಗಿಯೇ ಇತ್ತು ಅಂತ ಬರೆದಿದ್ದೀಯ. ರಾತ್ರಿಯಿಡೀ ‘ವಾರ್ಮ್’ನಲ್ಲಿ ಇಟ್ಟಿದ್ದೆ ಅಂದೆಯಲ್ಲ, ಕೆಟ್ಟಿದ್ದು ಅಲ್ಲೇ. ಆ ಗುಂಡಿ ಇರುವುದು ಮಾಡಿದ ಅಡುಗೆಯನ್ನು ಬಿಸಿಯಾಗಿಡಲಿಕ್ಕೆ. ಅದರ ಶಾಖ ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಹೆಪ್ಪಿನಲ್ಲಿರುವ ಲ್ಯಾಕ್ಟೊಬ್ಯಾಸಿಲಸ್, ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳಿಗೆ ಹಿತವಾದದ್ದು 40ರಿಂದ 45 ಡಿಗ್ರಿ. ‘ವಾರ್ಮ್’ನ ಬಿಸಿಯಲ್ಲಿ ಅವು ಸತ್ತೇ ಹೋಗುತ್ತವೆ ಮಗಳೇ, ಮೊಸರು ಮಾಡುವವರು ಯಾರು?

ಹಾಲು ಕಾಯಿಸುವುದಕ್ಕೆ ಮಾತ್ರ ಕುಕ್ಕರ್ ಉರಿಯಲಿ. ಎರಡು ಲೀಟರ್ ಹಾಲು ಸುರಿದು ‘ಲೋ’ನಲ್ಲಿಟ್ಟರೆ ಎರಡೂವರೆ, ಮೂರು ಗಂಟೆಯಲ್ಲಿ 82 ಡಿಗ್ರಿಗೆ ಬರುತ್ತದೆ. ಒಂದೊಂದು ಕುಕ್ಕರಿನದು ಒಂದೊಂದು ಸ್ವಭಾವ, ಅದಕ್ಕೇ ಗಡಿಯಾರ ನಂಬದೆ ಅಡುಗೆಯ ಥರ್ಮಾಮೀಟರ್ ಒಂದು ಇಟ್ಟುಕೊ. ಪಾಶ್ಚರೀಕರಿಸಿದ ಹಾಲನ್ನು ಮತ್ತೆ ಯಾಕೆ ಕಾಯಿಸಬೇಕು ಅನ್ನಬೇಡ. ಅಷ್ಟು ಬಿಸಿಗೆ ಹಾಲಿನ ತಿಳಿನೀರಿನಲ್ಲಿರುವ ಪ್ರೋಟೀನ್ ತನ್ನ ಸುರುಳಿ ಬಿಚ್ಚಿ, ಹಾಲಿನ ಇನ್ನೊಂದು ಪ್ರೋಟೀನ್ ಆದ ಕೇಸೀನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಸರು ನೀರನ್ನು ಹಿಡಿದಿಟ್ಟುಕೊಂಡು ಗಟ್ಟಿಯಾಗುತ್ತದೆ. ಈ ಹೆಜ್ಜೆ ತಪ್ಪಿಸಿದರೆ ಮೊಸರೇನೋ ಆಗುತ್ತದೆ, ಆದರೆ ತೆಳ್ಳಗೆ.

ಇನ್ನು ಆರಿಸುವುದು. ನಿನ್ನ ಅವಸರ ನನಗೆ ಗೊತ್ತು, ಇಲ್ಲಿ ಮಾತ್ರ ಅದನ್ನು ಬದಿಗಿಡು. ಪ್ಲಗ್ ತೆಗೆದು ಹಾಗೇ ಬಿಟ್ಟರೆ 45 ಡಿಗ್ರಿಗೆ ಇಳಿಯಲು ಎರಡು ಮೂರು ಗಂಟೆ ಬೇಕು, ಪಿಂಗಾಣಿ ಪಾತ್ರೆ ದಪ್ಪ ನೋಡು. ಬೇಗ ಆರಲಿ ಅಂತ ಬಿಸಿ ಪಾತ್ರೆಯನ್ನು ತಣ್ಣೀರಿನಲ್ಲಿ ಇಡಬೇಡ, ಸೀಳಿಬಿಡುತ್ತದೆ. ಮುಂದೆ ರಾತ್ರಿಯಿಡೀ ಮೊಸರನ್ನು ಬೆಚ್ಚಗಿಡುವುದೂ ಇದೇ ದಪ್ಪವೇ.

ಹೆಪ್ಪಿಗೆ ಸಕ್ಕರೆ, ಸುವಾಸನೆ ಏನೂ ಬೆರೆಸದ, ಜೀವಂತ ಬ್ಯಾಕ್ಟೀರಿಯಾ ಇರುವ ತಾಜಾ ಮೊಸರು ತಗೋ. ಎರಡು ಲೀಟರಿಗೆ ಮೂರು ನಾಲ್ಕು ದೊಡ್ಡ ಚಮಚ ಸಾಕು. ಜಾಸ್ತಿ ಹಾಕಿದರೆ ಗಟ್ಟಿಯಾಗುತ್ತದೆ ಅನ್ನುವುದು ಭ್ರಮೆ, ಬೇಗ ಹುಳಿಯಾಗಿ ತರಿತರಿಯಾಗುತ್ತದೆ ಅಷ್ಟೆ. ಮೊದಲು ಒಂದು ಬಟ್ಟಲು ಬೆಚ್ಚಗಿನ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಪೂರ್ತಿ ಹಾಲಿಗೆ ಬೆರೆಸು.

ಮುಚ್ಚಳ ಹಾಕಿ, ಆರಿದ ಕುಕ್ಕರಿಗೇ ಎರಡು ದಪ್ಪ ಟವೆಲ್ ಸುತ್ತಿ, ಎಂಟು ಗಂಟೆ ಮರೆತುಬಿಡು. ನಡುವೆ ಮುಚ್ಚಳ ತೆಗೆದು ನೋಡುವುದು, ಅಲುಗಿಸುವುದು ಬೇಡ. ಹಾಲು ಹುಳಿಯಾಗುತ್ತಾ ಹುಳಿಯ ಅಳತೆಯಾದ ಪಿಎಚ್ 4.6ರ ಹತ್ತಿರ ಬಂದಾಗ ಕೇಸೀನ್ ಬಲೆಯಂತೆ ಹೆಣೆದುಕೊಳ್ಳುತ್ತದೆ. ಅಷ್ಟರೊಳಗೆ ಕಲಕಿದರೆ ಆ ಹೆಣಿಗೆ ಮತ್ತೆ ಕೂಡುವುದಿಲ್ಲ. ಆಗಿದೆಯೋ ಇಲ್ಲವೋ ತಿಳಿಯಲು ಪಾತ್ರೆಯನ್ನು ಮೆಲ್ಲಗೆ ಓರೆ ಮಾಡು. ಮೊಸರು ಅಂಚು ಬಿಟ್ಟು ಒಂದೇ ಗಡ್ಡೆಯಾಗಿ ಜಾರಿದರೆ ಆಯಿತು. ಮೇಲೆ ಹಳದಿ ಛಾಯೆಯ ತಿಳಿನೀರು ನಿಂತಿದ್ದರೆ ಹೆದರಬೇಡ, ಕೆಟ್ಟಿದ್ದಲ್ಲ ಅದು. ಹುಳಿ ಹೆಚ್ಚು ಬೇಕಿದ್ದರೆ ಇನ್ನೆರಡು ಗಂಟೆ ಬಿಡು.

ತಕ್ಷಣ ಬಡಿಸಬೇಡ. ಫ್ರಿಜ್ಜಿನಲ್ಲಿ ನಾಲ್ಕೈದು ಗಂಟೆ ಕೂತರೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕಿಂತ ದಪ್ಪ ಬೇಕೆಂದರೆ ತೆಳು ಬಟ್ಟೆಯಲ್ಲಿ ಕಟ್ಟಿ ಸೋಸು, ಬಸಿದ ನೀರನ್ನು ಹಿಟ್ಟು ಕಲಸುವುದಕ್ಕೆ ಬಳಸು. ಗುಲಾಬಿ ಬಣ್ಣ, ಬೂಷ್ಟು, ಕೆಟ್ಟ ವಾಸನೆ ಕಂಡರೆ ಮೇಲಿನದನ್ನಷ್ಟೇ ತೆಗೆದು ಉಳಿಸಿಕೊಳ್ಳಬೇಡ, ಪೂರ್ತಿ ಚೆಲ್ಲು.

ಮೊಸರನ್ನು ಯಾರೂ ಮುಟ್ಟುವ ಮೊದಲೇ ಒಣಗಿದ ಚಮಚದಲ್ಲಿ ನಾಲ್ಕು ಚಮಚ ತೆಗೆದು ಸಣ್ಣ ಡಬ್ಬಿಯಲ್ಲಿ ಬೇರೆ ಇಡು, ಮುಂದಿನ ಹೆಪ್ಪಿಗೆ. ಒಂದು ವಾರದೊಳಗೆ ಬಳಸು. ಈ ಸಲ ಹೇಗಾಯಿತೆಂದು ತಪ್ಪದೆ ಬರಿ.

ಇತಿ,
ನಿನ್ನ ದೊಡ್ಡಮ್ಮ