ಅಕ್ಕಾ, ನಡಿಗೆ ಮಾತ್ರ ಬಿಡಬೇಡ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಮಾಡುವ ನಮಸ್ಕಾರ. ನಾನು ಇಲ್ಲಿ ಚೆನ್ನಾಗಿದ್ದೇನೆ. ಅಮ್ಮ, ಅಪ್ಪ, ಭಾವ, ಮಕ್ಕಳು ಎಲ್ಲರೂ ಆರಾಮವಾಗಿದ್ದಾರೆ ಅಂದುಕೊಂಡಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು, "ಬಿಡೋ, ನನ್ನ ಕೈಲಿ ಆಗಲ್ಲ. ನಾಲ್ಕು ತಿಂಗಳು ಒದ್ದಾಡಿದ್ದಕ್ಕೆ ಬರೀ ಮೂರು ಕೆಜಿ. ಈಗ ಅದೂ ವಾಪಸ್ ಏರ್ತಾ ಇದೆ" ಅಂದೆ. ಆ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ನನಗೆ ಆಫೀಸಿಗೆ ಹೊತ್ತಾಗಿತ್ತು, ಸರಿಯಾಗಿ ಮಾತಾಡಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ನೀನು ಮಧ್ಯದಲ್ಲೇ ಬೇರೆ ಮಾತು ತೆಗೆಯುತ್ತೀಯ. ಅದಕ್ಕೇ ಈ ಕಾಗದ. ಕೆಲಸವೆಲ್ಲ ಮುಗಿದ ಮೇಲೆ ನಿಧಾನವಾಗಿ ಕೂತು ಓದು.

ಮೊದಲು ಆ ಏರಿದ 800 ಗ್ರಾಂ ವಿಷಯ ಹೇಳಿಬಿಡುತ್ತೇನೆ. ಭಾನುವಾರ ಹೊರಗೆ ಊಟ ಮಾಡಿಬಂದೆ, ಸೋಮವಾರ ಬೆಳಿಗ್ಗೆ ಮಷಿನ್ ಮೇಲೆ ನಿಂತರೆ 800 ಗ್ರಾಂ ಜಾಸ್ತಿ ತೋರಿಸಿತು ಅಂದೆ ಅಲ್ವಾ? ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಆ ಲೆಕ್ಕದಲ್ಲಿ 800 ಗ್ರಾಂ ಕೊಬ್ಬು ಬರಬೇಕಾದರೆ, ಮಾಮೂಲಿ ಊಟದ ಮೇಲೆ ಇನ್ನೂ 6,000 ಕ್ಯಾಲೊರಿ ತಿನ್ನಬೇಕು. ಅಂದರೆ ಮೂರು ದಿನದ ಊಟವನ್ನು ಒಂದೇ ಸಲ, ಅದೂ ಆವತ್ತಿನ ಊಟದ ಜೊತೆಗೆ. ನೀನು ಅಷ್ಟು ತಿಂದಿರಲು ಸಾಧ್ಯವೇ ಇಲ್ಲ ಅಕ್ಕಾ. ಅದು ನೀರು. ಉಪ್ಪು ಜಾಸ್ತಿಯಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಿಷ್ಟ, ಸಕ್ಕರೆ ಜಾಸ್ತಿ ತಿಂದರೆ ದೇಹ ಅದರಲ್ಲಿ ಸ್ವಲ್ಪವನ್ನು ಗ್ಲೈಕೋಜೆನ್ ಮಾಡಿ ಕೂಡಿಡುತ್ತದೆ. ಆ ಒಂದೊಂದು ಗ್ರಾಮಿನ ಜೊತೆಗೂ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ಎರಡು ಮೂರು ದಿನ ಎಂದಿನಂತೆ ಉಂಡರೆ ತಾನಾಗಿಯೇ ಇಳಿಯುತ್ತದೆ. ನನ್ನ ತೂಕವೂ ಒಂದೇ ವಾರದಲ್ಲಿ ಒಂದೂವರೆ ಕೆಜಿ ಮೇಲೆ ಕೆಳಗೆ ಆಗುವುದುಂಟು.

ಶುರುವಿನಲ್ಲಿ ಸರಸರ ಇಳಿದಿದ್ದರಲ್ಲಿಯೂ ಸಾಕಷ್ಟು ಭಾಗ ಈ ನೀರೇ ಇರುತ್ತದೆ. "ಮೊದಲ ವಾರ ಎಷ್ಟು ಚೆನ್ನಾಗಿ ಇಳೀತು, ಈಗ ಏನೂ ಇಲ್ಲ" ಅಂತ ಬೇಜಾರು ಮಾಡಿಕೊಂಡೆಯಲ್ಲ, ನಿಜ ಹೇಳಬೇಕೆಂದರೆ ಈಗ ನಿಧಾನವಾಗಿ ಇಳಿಯುತ್ತಿರುವುದೇ ಅಸಲಿ ಕೊಬ್ಬು.

ಈಗ ನನ್ನ ಕಥೆ ಕೇಳು. ಫೋನಿನಲ್ಲಿ ಇದನ್ನೆಲ್ಲ ಯಾವತ್ತೂ ಪೂರ್ತಿ ಹೇಳಿಲ್ಲ.

ನಾನು ಶುರು ಮಾಡಿದಾಗ 88.4 ಕೆಜಿ ಇದ್ದೆ. ಇವತ್ತಿಗೆ ಹದಿನಾಲ್ಕು ತಿಂಗಳು, ಈಗ 77.2. ತಿಂಗಳಿಗೆ ಒಂದು ಕೆಜಿ ಕೂಡ ಬೀಳಲಿಲ್ಲ. ಆರನೇ ತಿಂಗಳಿನಲ್ಲಿ ಐದು ವಾರ 82ರಲ್ಲೇ ನಿಂತುಬಿಟ್ಟೆ. ದಿನಾ ನಡೆಯುತ್ತಿದ್ದೆ, ಊಟದಲ್ಲಿ ಏನೂ ಬದಲಾಗಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮಷಿನ್ ಹತ್ತುವುದು, ಅದೇ ಅಂಕಿ ನೋಡುವುದು, ಆ ದಿನವಿಡೀ ಮಂಕಾಗಿರುವುದು. ನಾಲ್ಕನೇ ವಾರ ಒಂದು ಸಂಜೆ ಶೂ ಹಾಕಿಕೊಂಡು ಬಾಗಿಲ ಹತ್ತಿರವೇ ಕೂತುಬಿಟ್ಟೆ. ಲೇಸ್ ಕಟ್ಟಲು ಮನಸ್ಸಿಲ್ಲ. ಯಾರಿಗೋಸ್ಕರ ಇದೆಲ್ಲ, ಏನು ಉಪಯೋಗ ಅಂತ ಅಳುವೇ ಬಂದಿತ್ತು. ಮೊನ್ನೆ ನಿನ್ನ ದನಿ ಕೇಳಿದಾಗ ನನಗೆ ಆ ಬಾಗಿಲೇ ನೆನಪಾಯಿತು.

ಆ ವಾರ ನನ್ನನ್ನು ಎಬ್ಬಿಸಿದ್ದು ಒಂದು ಬೆಲ್ಟ್. ನಾನು ಹೊರಡುವ ಮುಂಚೆ ಅಪ್ಪ ಕೊಡಿಸಿದ್ದರಲ್ಲ, ಆ ಕಂದು ಬಣ್ಣದ್ದು. ಮಾರನೇ ದಿನ ಆಫೀಸಿಗೆ ಹೊರಡುವಾಗ ಅದನ್ನು ಕೈಯಲ್ಲಿ ಹಿಡಿದು ಸುಮ್ನೆ ನೋಡಿದೆ. ಕೊನೆಯ ತೂತಿನ ಸುತ್ತ ಚರ್ಮ ಬಿರುಕು ಬಿಟ್ಟು ಬೆಳ್ಳಗಾಗಿತ್ತು. ಬಕಲ್ ಎಳೆದೆಳೆದು ತೂತು ಉದ್ದಕ್ಕೆ ಹಿಗ್ಗಿತ್ತು. ಅದರ ಪಕ್ಕದ ತೂತಿನ ಮೇಲೆ ಒಂದು ಆಳವಾದ ಮಡಿಕೆ. ಅದರ ಪಕ್ಕದಲ್ಲಿ, ಮೂರನೆಯದು ಇನ್ನೂ ಹೊಸದರ ಹಾಗೆ ದುಂಡಗಿತ್ತು. ಅದರೊಳಗೆ ಸೂಜಿ ಹಾಕಿ ನೋಡಿದೆ. ಉಸಿರು ಬಿಗಿಹಿಡಿಯದೆ ಕೂತಿತು. ಅಂಕಿ ಕದಲದ ಆ ಐದು ವಾರದಲ್ಲಿಯೂ ಹೊಟ್ಟೆ ಒಳಗೆ ಹೋಗುತ್ತಲೇ ಇತ್ತು. ನಾನು ನೋಡುತ್ತಿದ್ದ ಜಾಗ ತಪ್ಪಾಗಿತ್ತು, ಅಷ್ಟೇ.

ಆವತ್ತಿನಿಂದ ಮಷಿನ್ ಹತ್ತುವುದು ವಾರಕ್ಕೆ ಒಂದೇ ಸಲ, ಶನಿವಾರ ಬೆಳಿಗ್ಗೆ ಮಾತ್ರ. ಕೆಲವರಿಗೆ ದಿನಾ ನೋಡಿಕೊಂಡರೆ ಹಿಡಿತ ಸಿಗುತ್ತದೆ, ಅದು ತಪ್ಪಲ್ಲ. ಆದರೆ ನೀನೂ ನಾನೂ ಒಂದೇ ಥರ. ಅಂಕಿ ಒಂದಿಷ್ಟು ಏರಿದರೆ ಸಾಕು, ಮುಖ ಸಪ್ಪಗಾಗುತ್ತದೆ. ತಿಂಗಳಿಗೊಮ್ಮೆ ಟೇಪ್ ಹಿಡಿದು ಸುತ್ತಳತೆ ಬರೆದಿಡುತ್ತೇನೆ. ನಮ್ಮಂಥವರಿಗೆ ತೂಕಕ್ಕಿಂತ ಹೊಟ್ಟೆಯ ಸುತ್ತಲಿನ ಬೊಜ್ಜೇ ಜಾಸ್ತಿ ತೊಂದರೆ ಕೊಡುವುದು. ಭಾರತೀಯರಲ್ಲಿ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟದಿರಲಿ ಅನ್ನುತ್ತಾರೆ. ನಾನು 101ರಲ್ಲಿ ಶುರು ಮಾಡಿದವನು, ಈಗ 91. ನೀನೂ ಇವತ್ತೇ ಒಂದು ಅಳತೆ ತೆಗೆದು ಕ್ಯಾಲೆಂಡರ್ ಹಿಂದೆ ಬರೆದಿಡು.

ಇನ್ನೊಂದು ಮಾತು. ಡಾಕ್ಟರ್ "ಶುಗರ್ ಬಾರ್ಡರ್‌ನಲ್ಲಿದೆ" ಅಂದಿದ್ದಕ್ಕೆ ತಾನೇ ನೀನು ಇದನ್ನೆಲ್ಲ ಶುರು ಮಾಡಿದ್ದು? ಅಮ್ಮನಿಗೂ ಇರುವುದರಿಂದ ನಿನಗೆ ಹೆದರಿಕೆ. ಅಮೆರಿಕದಲ್ಲಿ ನಿನ್ನ ಹಾಗೆಯೇ ಬಾರ್ಡರ್‌ನಲ್ಲಿದ್ದ 3,234 ಜನರನ್ನು ಸುಮಾರು ಮೂರು ವರ್ಷ ಗಮನಿಸಿದರು. 2002ರಲ್ಲಿ ಅದರ ಫಲಿತಾಂಶ ಬಂತು. ಅವರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ಇದ್ದ ತೂಕದಲ್ಲಿ ಶೇಕಡಾ 7 ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು. ಮಾಮೂಲಿ ಸಲಹೆಯ ಜೊತೆ ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಿಗೆ ಹೋಲಿಸಿದರೆ ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬಂದದ್ದು ಶೇಕಡಾ 58 ಕಡಿಮೆ. ನೀನು 74 ಇದ್ದೆ. ಅದರಲ್ಲಿ ಶೇಕಡಾ 7 ಅಂದರೆ ಐದು ಕೆಜಿ ಚಿಲ್ಲರೆ. ಅದರಲ್ಲಿ ಮೂರು ಆಗಲೇ ಇಳಿಸಿದ್ದೀಯ! ಅರ್ಧ ದಾರಿ ದಾಟಿ ನಿಂತು "ನನ್ನ ಕೈಲಿ ಆಗಲ್ಲ" ಅಂದರೆ ಹೇಗೆ ಅಕ್ಕಾ?

ಹತ್ತು ಸಾವಿರ ಹೆಜ್ಜೆ ಆಗುತ್ತಿಲ್ಲ ಅನ್ನುವುದನ್ನಂತೂ ತಲೆಯಿಂದ ತೆಗೆದುಹಾಕು. ಆ ಲೆಕ್ಕ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಒಂದು ಸಾಧನದಿಂದ. ಅದರ ಹೆಸರೇ "ಹತ್ತು ಸಾವಿರ ಹೆಜ್ಜೆ ಮೀಟರ್" ಅಂತ. ಡಾಕ್ಟರುಗಳು ಪರೀಕ್ಷೆ ಮಾಡಿ ಕೊಟ್ಟ ಅಂಕಿಯಲ್ಲ. ಮುಂದೆ 2019ರಲ್ಲಿ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ದಿನಕ್ಕೆ 4,400 ಹೆಜ್ಜೆ ಹಾಕುವವರು ತೀರಾ ಕಡಿಮೆ ನಡೆಯುವವರಿಗಿಂತ ಜಾಸ್ತಿ ಬದುಕುಳಿದರು. 7,500 ದಾಟಿದ ಮೇಲೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನೀನು ಈಗ ಹಾಕುತ್ತಿರುವ ಆರು ಸಾವಿರ ಸಣ್ಣದಲ್ಲ.

ಆದರೆ ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನ ಕೈಕಾಲಿಗೆ ಬಲ ಬರುವ ವ್ಯಾಯಾಮ ಸೇರಿಸಿಕೋ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ವಲ್ಪ ಮಾಂಸಖಂಡವೂ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಬೇಕು. ಜಿಮ್ ಏನೂ ಬೇಡ. ಕುರ್ಚಿಯ ಮೇಲೆ ಕೂತು, ಕೈ ಊರದೆ ಎದ್ದು ನಿಲ್ಲು. ಹತ್ತು ಸಲ. ಗೋಡೆಗೆ ಅಂಗೈ ಒತ್ತಿ, ಮೈ ಮುಂದೆ ಬಾಗಿಸಿ ಹಿಂದೆ ತಳ್ಳು. ಅದೂ ಹತ್ತು ಸಲ. ನಾನು ಶುರು ಮಾಡಿದಾಗ ಆರನೇ ಸಲಕ್ಕೇ ತೊಡೆ ನಡುಗುತ್ತಿತ್ತು.

ಊಟದ ವಿಷಯದಲ್ಲಿ ನಿನ್ನನ್ನು ಸ್ವಲ್ಪ ಬೈಯಬೇಕು. ರಾತ್ರಿ ಊಟ ಬಿಟ್ಟಿದ್ದೇನೆ ಅಂದೆ. ಆಮೇಲೆ ಹನ್ನೊಂದು ಗಂಟೆಗೆ ಹಸಿವು ತಡೆಯಲಾರದೆ ಡಬ್ಬಿ ತೆಗೆದು ಬಿಸ್ಕತ್ತು ತಿನ್ನುತ್ತೀಯ, ತಿಂದೆನಲ್ಲಾ ಅಂತ ಮಾರನೇ ದಿನವಿಡೀ ನಿನ್ನನ್ನೇ ಬೈದುಕೊಳ್ಳುತ್ತೀಯ. ನಾನೂ ಎರಡು ತಿಂಗಳು ಇದನ್ನೇ ಮಾಡಿದೆ. ಹಸಿದುಕೊಂಡು ಒಂದು ವಾರ ಇರಬಹುದು, ಒಂದು ವರ್ಷ ಇರಲು ಆಗುವುದಿಲ್ಲ. ಮೂರು ಹೊತ್ತೂ ಉಣ್ಣು. ಅರ್ಧ ತಟ್ಟೆ ತರಕಾರಿ ಇರಲಿ, ಕಾಲು ಭಾಗ ಬೇಳೆಕಾಳು ಇರಲಿ, ಉಳಿದದ್ದು ಅನ್ನವೋ ಮತ್ತೊಂದೋ. ಮೊದಲು ತರಕಾರಿ, ಕಾಳು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕು. ಹೊಟ್ಟೆ ತುಂಬಿತು ಅಂತ ತಲೆಗೆ ಗೊತ್ತಾಗಲು ಸುಮಾರು ಇಪ್ಪತ್ತು ನಿಮಿಷ ಬೇಕು. ನೀನು ಎಲ್ಲರಿಗೂ ಬಡಿಸಿ, ಕೊನೆಗೆ ನಿಂತುಕೊಂಡೇ ಐದು ನಿಮಿಷದಲ್ಲಿ ಮುಗಿಸುವವಳು. ದಯವಿಟ್ಟು ಕೂತು ತಿನ್ನು. ಭಾವನಿಗೆ ನಾನೇ ಹೇಳುತ್ತೇನೆ, ರಾತ್ರಿ ಒಂದು ಹೊತ್ತಾದರೂ ಅವರು ಬಡಿಸಲಿ.

ಎಣ್ಣೆಯನ್ನು ಮಾತ್ರ ಅಳೆದು ಹಾಕು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಅರ್ಧ ಗಂಟೆ ನಡೆದರೆ ಕರಗುವುದೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ಕೇಳಿ, "ಹಾಗಾದರೆ ನಡೆದು ಏನು ಪ್ರಯೋಜನ" ಅನ್ನಬೇಡ. ತೂಕ ಇಳಿಯುವುದು ಬಹುಪಾಲು ತಟ್ಟೆಯಿಂದ. ಇಳಿದದ್ದು ಇಳಿದ ಹಾಗೇ ಉಳಿಯುವುದು ನಡಿಗೆಯಿಂದ. ನಡೆದ ದಿನ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ನಿದ್ದೆಗೆಟ್ಟ ದಿನ ಸಿಹಿಯ ಮೇಲೇ ಕಣ್ಣು. ಇದನ್ನು ನೀನೂ ಗಮನಿಸಿರುತ್ತೀಯ.

ಒಂದು ದಿನ ತಪ್ಪಿದರೆ ಎಲ್ಲ ಹಾಳಾಯಿತು ಅಂದುಕೊಳ್ಳುವುದೂ ಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು ಇಟ್ಟುಕೊಂಡು, ಒಂದು ಹೊಸ ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು ಅಂತ ನೋಡಿದ್ದರು. ಸರಾಸರಿ 66 ದಿನ ಬಂತು. ಕೆಲವರಿಗೆ ಹದಿನೆಂಟೇ ದಿನ, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿಸಿದವರಿಗೆ ಅದರಿಂದ ಹೇಳುವಂಥ ಹಿನ್ನಡೆ ಏನೂ ಆಗಲಿಲ್ಲ. ನನಗೆ ಜ್ವರ ಬಂದು ಹನ್ನೆರಡು ದಿನ ಮಲಗಿದ್ದೆ. ಎದ್ದ ದಿನ ನಲವತ್ತು ನಿಮಿಷ ನಡೆಯಲು ಹೋಗಲಿಲ್ಲ. ಹತ್ತು ನಿಮಿಷ ಅಷ್ಟೇ. ಮನೆ ಬಾಗಿಲಿನಿಂದ ರಸ್ತೆಯ ತಿರುವಿನವರೆಗೆ ಹೋಗಿ ವಾಪಸ್ ಬಂದೆ. ಹದಿನಾಲ್ಕು ತಿಂಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ದಿನ ಅದು. ಜೋರಾಗಿ ನಡೆದ ಎಷ್ಟೋ ದಿನಗಳು ಮರೆತುಹೋಗಿವೆ. ಆ ಹತ್ತು ನಿಮಿಷ ಮರೆತಿಲ್ಲ.

ನನ್ನ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಇದೆ. ನಡೆದ ದಿನ ಒಂದು ಚುಕ್ಕೆ ಇಡುತ್ತೇನೆ. ಎಷ್ಟು ದೂರ, ಎಷ್ಟು ಹೊತ್ತು ಏನೂ ಬರೆಯುವುದಿಲ್ಲ. ತೂಕ ಇಳಿಯುವುದು ಬಿಡುವುದು ನನ್ನ ಕೈಯಲ್ಲಿಲ್ಲ, ಚುಕ್ಕೆ ಇಡುವುದು ನನ್ನ ಕೈಯಲ್ಲಿದೆ. ಬೇಜಾರಾದಾಗ ಹಿಂದಿನ ಪುಟಗಳನ್ನು ತಿರುವಿ ನೋಡುತ್ತೇನೆ. ಜ್ವರದ ಆ ಹನ್ನೆರಡು ಖಾಲಿ ಮನೆಗಳಾದ ಮೇಲೆ ಮತ್ತೆ ಚುಕ್ಕೆ ಶುರುವಾಗುವುದು ಕಂಡರೆ ನನಗೆ ತುಂಬಾ ಸಂತೋಷವಾಗುತ್ತದೆ.

ಕೊನೆಗೆ ಒಂದು ಕೇಳಿಕೆ. ಭಾನುವಾರ ನಿನಗೆ ಬೆಳಿಗ್ಗೆ ಆರೂವರೆ ಆಗುವಾಗ ಇಲ್ಲಿ ಇನ್ನೂ ಶನಿವಾರ ಸಂಜೆ. ಆ ಹೊತ್ತಿಗೆ ನಾನು ಶೂ ಹಾಕಿಕೊಂಡು ನಿನಗೆ ಫೋನ್ ಮಾಡುತ್ತೇನೆ. ನೀನು ಅಲ್ಲಿ ನಡಿ, ನಾನು ಇಲ್ಲಿ ನಡೆಯುತ್ತೇನೆ, ಅರ್ಧ ಗಂಟೆ ಮಾತಾಡೋಣ. ಮಾತಾಡುತ್ತ ಏದುಸಿರು ಬಂದರೆ ಸ್ವಲ್ಪ ನಿಧಾನ ಮಾಡು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಮಂಡಿ ನೋವು ಇನ್ನೂ ಇದ್ದರೆ ಮುಚ್ಚಿಡಬೇಡ, ಡಾಕ್ಟರಿಗೆ ತೋರಿಸು. ತೂಕದ ಮಾತನ್ನು ನಾನಾಗಿ ಎತ್ತುವುದಿಲ್ಲ. ಮಕ್ಕಳ ಶಾಲೆ ವಿಷಯ, ಅಮ್ಮನ ಕಣ್ಣಿನ ವಿಷಯ ಎಲ್ಲ ಹೇಳುವೆಯಂತೆ.

ಶನಿವಾರ ರಾತ್ರಿಯೇ ಫೋನ್ ಚಾರ್ಜಿಗೆ ಹಾಕಿಡು. ಹೋದ ಸಲದ ಹಾಗೆ ಮಧ್ಯದಲ್ಲಿ ಕಟ್ ಆಗುವುದು ಬೇಡ.

ಅಮ್ಮ ಅಪ್ಪನಿಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸು. ಆ ಬೆಲ್ಟ್ ಇನ್ನೂ ಹಾಕಿಕೊಳ್ಳುತ್ತಿದ್ದೇನೆ ಅಂತ ಅಪ್ಪನಿಗೆ ಹೇಳು. ಮಕ್ಕಳಿಗೆ ಮುದ್ದು.

ಇಂತಿ,
ನಿನ್ನ ಪ್ರೀತಿಯ ತಮ್ಮ