24 ಎಕ್ಸ್ ಯಾಕ್ರೀ ಬೇಕು?

ಸಂಪಾದಕರಿಗೆ ನಮಸ್ಕಾರ,

ಕಡಿಮೆ ದುಡ್ಡಲ್ಲಿ ಬೇಟೆ ರೈಫಲ್‌ಗೆ ಎಂಥಾ ಸ್ಕೋಪ್ (ಗುರಿ ಇಡೋ ದುರ್ಬೀನು) ತಗೋಬೇಕು ಅಂತ ನಿಮ್ಮ ಪೇಪರ್‌ನಲ್ಲಿ ಬಂದ ಬರಹ ಓದಿದೆ. ಬರೆದವರು ಕಷ್ಟಪಟ್ಟಿದಾರೆ, ಇಲ್ಲ ಅನ್ನಲ್ಲ, ಆದ್ರೆ ಮೊದಲಿಂದ ಕೊನೇವರೆಗೂ ಒಂದೇ ರಾಗ, ಯಾವುದರಲ್ಲಿ ಜೂಮ್ ಜಾಸ್ತಿ, ಯಾವುದರ ಮುಂದಿನ ಗಾಜು ದೊಡ್ಡದು, ಅದು ಕಮ್ಮಿ ರೇಟಿಗೆ ಸಿಕ್ರೆ ಅದೇ ಲಾಭ ಅಂತ. ಇದೇ ಲೆಕ್ಕ ಹಾಕಿ ಕೈ ಸುಟ್ಕೊಂಡವನು ನಾನು, ಅದಕ್ಕೇ ಸುಮ್ನಿರಕ್ಕಾಗ್ದೆ ಬರೀತಿದೀನಿ, ಉದ್ದ ಆದ್ರೆ ಕತ್ತರಿ ಹಾಕ್ಕೊಳ್ಳಿ.

ನನ್ನ ಮೊದಲನೇ ಸ್ಕೋಪ್ 6-24×50, ಅಂದ್ರೆ ಜೂಮ್ 6ರಿಂದ 24 ಪಟ್ಟು (24 ಎಕ್ಸ್), ಮುಂದಿನ ಗಾಜು 50 ಮಿಲಿಮೀಟರ್. ಅಷ್ಟೇ ದುಡ್ಡಿಗೆ ಪಕ್ಕದಲ್ಲೇ ಒಂದು ಸಾದಾ 3-9×40 ಇತ್ತು, ಅದನ್ನ ನೋಡಿ ಮೂಗು ಮುರಿದೆ. ಒಂದ್ಸಂಜೆ ಪರ್ಮಿಟ್ ಇಟ್ಕೊಂಡು ಕಾದು ಕೂತಿದ್ದಾಗ 60 ಮೀಟರ್ ದೂರದ ಪೊದೆ ಅಂಚಿಂದ ಹಂದಿ ಹೊರಗೆ ಬಂತು. ಕಣ್ಣಿಗೆ ಚೆನ್ನಾಗೇ ಕಾಣ್ತಿತ್ತು, ಸ್ಕೋಪ್‌ಗೆ ಕಣ್ಣಿಟ್ರೆ ಏನೂ ಇಲ್ಲ, ಮಸುಕು ಮಸುಕು ಕಂದು ಬಣ್ಣ, ರೋಮವೋ ಒಣಹುಲ್ಲೋ ದೇವರಿಗೇ ಗೊತ್ತು, ಯಾಕಂದ್ರೆ ಮಧ್ಯಾಹ್ನ ಆಟ ಆಡ್ತಾ ಜೂಮ್ 18ಕ್ಕೆ ತಿರುಗಿಸಿ ಹಾಗೇ ಬಿಟ್ಟಿದ್ದೆ. ಜೂಮ್ ರಿಂಗ್ ತಿರುಗಿಸೋಷ್ಟರಲ್ಲಿ ಹಂದಿ ಹೋಯ್ತು. ಹೋಗಿದ್ದೇ ಒಳ್ಳೇದಾಯ್ತು ಅಂತ ಈಗ ಅನ್ಸುತ್ತೆ, ಆ ಮಸುಕಿಗೆ ಗುಂಡು ಹಾರಿಸಿದ್ರೆ ಗಾಯ ಆದ ಪ್ರಾಣಿ ಹಿಂದೆ ರಾತ್ರಿಯೆಲ್ಲಾ ಅಲೀಬೇಕಾಗ್ತಿತ್ತು.

ಯಾಕೆ ಹಾಗಾಯ್ತು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಮುಂದಿನ ಲೆನ್ಸ್ ಎಷ್ಟು ಮಿಲಿಮೀಟರೋ ಅದನ್ನ ಜೂಮ್‌ನಿಂದ ಭಾಗಿಸಿ, ನಿಮ್ಮ ಕಣ್ಣಿಗೆ ಬಂದು ಬೀಳೋ ಬೆಳಕಿನ ಬಿಲ್ಲೆ ಎಷ್ಟಗಲ ಅಂತ ಸಿಗುತ್ತೆ. 50 ಭಾಗಿಸು 18 ಅಂದ್ರೆ 2.8 ಮಿಲಿಮೀಟರ್, 24ಕ್ಕೆ ಏರಿಸಿದ್ರೆ ಬರೀ 2 ಚಿಲ್ಲರೆ. ಕತ್ತಲಾಗ್ತಾ ನಮ್ಮ ಕಣ್ಣಿನ ಪಾಪೆ ಅಗಲ ಆಗುತ್ತೆ, ವಯಸ್ಸಿನ ಹುಡುಗರಿಗೆ 7 ಮಿಲಿಮೀಟರ್‌ವರೆಗೂ, ನನ್ನಂಥ ವಯಸ್ಸಾದವರಿಗೆ 5ರ ಆಸುಪಾಸು. ಅಷ್ಟಗಲ ಬಾಯಿ ತೆಗೆದ ಪಾತ್ರೆಗೆ ಇಷ್ಟು ಸಣ್ಣ ಧಾರೆ ಬಿಟ್ರೆ ಚಿತ್ರ ಕಪ್ಪಾಗ್ದೆ ಇನ್ನೇನಾಗುತ್ತೆ. ನಾನು ಮೂಗು ಮುರಿದ ಆ 3-9×40 ಅನ್ನ 6ಕ್ಕೆ ಇಟ್ಟಿದ್ರೆ 6.7 ಸಿಗ್ತಿತ್ತು, ಕಣ್ಣು ತುಂಬಾ ಬೆಳಕು. ಬೇಟೆಯಲ್ಲಿ ಮಿಕ ಹೊರಗೆ ಬರೋದೇ ಮುಂಜಾನೆ ಮಬ್ಬಲ್ಲಿ ಇಲ್ಲಾ ಸಂಜೆ ಮಬ್ಬಲ್ಲಿ, ಮಟಮಟ ಮಧ್ಯಾಹ್ನದಲ್ಲಲ್ಲ.

ಇನ್ನೊಂದು, ಜೂಮ್ ಏರಿದ ಹಾಗೆ ಕಾಣೋ ಜಾಗ ಕಿರಿದಾಗುತ್ತೆ. 3 ಎಕ್ಸ್‌ನಲ್ಲಿ 100 ಮೀಟರ್ ದೂರಕ್ಕೆ ಸುಮಾರು 10 ಮೀಟರ್ ಅಗಲ ಕಾಣುತ್ತೆ, 9ರಲ್ಲಿ 4 ಮೀಟರ್‌ಗೆ ಇಳಿಯುತ್ತೆ, 24ರಲ್ಲಿ ಒಂದೂವರೆ ಮೀಟರ್ ಇದ್ರೆ ಹೆಚ್ಚು. ಜೊತೆಗೆ ನಿಮ್ಮ ಉಸಿರು, ಎದೆ ಬಡಿತ ಎಲ್ಲಾ ಅಷ್ಟೇ ದೊಡ್ಡದಾಗಿ ಅಲ್ಲಾಡುತ್ತೆ. ಮರ ಗಿಡ ಇರೋ ಕಡೆ 150 ಮೀಟರ್ ದಾಟಿ ಗುಂಡು ಹಾರಿಸೋ ಸಂದರ್ಭನೇ ಕಮ್ಮಿ, ಜಿಂಕೆ ಗಾತ್ರದ ಪ್ರಾಣಿಯಲ್ಲಿ ಗುರಿ ಇಡಬೇಕಾದ ಜಾಗ ಹೆಚ್ಚುಕಮ್ಮಿ 20 ಸೆಂಟಿಮೀಟರ್, ಅದಕ್ಕೆ 4 ಇಲ್ಲಾ 6 ಎಕ್ಸ್ ಧಾರಾಳ. ದುಡ್ಡು ತೀರಾ ಕಮ್ಮಿ ಇದ್ರೆ ಜೂಮೇ ಇಲ್ಲದ ಫಿಕ್ಸೆಡ್ 4 ಎಕ್ಸ್ ಹುಡುಕಿ ಅಂತೀನಿ ನಾನು. ಒಳಗೆ ಲೆನ್ಸ್ ಕಮ್ಮಿ, ಅಲ್ಲಾಡೋ ಭಾಗ ಕಮ್ಮಿ, ಕೆಡೋದೂ ಕಮ್ಮಿ, ಅದೇ ದುಡ್ಡಿಗೆ ಗಾಜು ಒಳ್ಳೇದು ಸಿಗುತ್ತೆ. ಈಗ ಯಾರೂ ಕೇಳಲ್ಲ ಅದನ್ನ, ಹಳೇ ಕಾಲದ್ದು ಅಂತಾರೆ. ಸಾಮಾನ್ಯ ಜನರ ಕೈಗೆ ಎಟುಕೋ ಸ್ಕೋಪ್ ಅಂತ 1930ರಲ್ಲಿ ಅಮೆರಿಕದ ಬಿಲ್ ವೀವರ್ ಮಾರೋಕೆ ಶುರು ಮಾಡಿದ್ದೂ ಜೂಮ್ ಇಲ್ಲದ ಸಣ್ಣ ಸ್ಕೋಪೇ, ಅದರಲ್ಲೇ ಎಷ್ಟೋ ಜನ ಬೇಟೆ ಆಡಿದ್ರು.

ಗಾಜಿನ ವಿಷಯ ನಿಮ್ಮ ಬರಹದಲ್ಲಿ ಒಂದೇ ಸಾಲಲ್ಲಿ ಮುಗಿದೋಯ್ತು, ನನಗೆ ಬೇಜಾರಾಗಿದ್ದು ಅದೇ. ಬರೀ ಗಾಜಿನ ಒಂದೊಂದು ಮೈಯೂ ಬಿದ್ದ ಬೆಳಕಲ್ಲಿ ಸುಮಾರು 4 ಪರ್ಸೆಂಟ್ ವಾಪಸ್ ಎಸೆಯುತ್ತೆ. ಸ್ಕೋಪ್ ಒಳಗೆ ಅಂಥ 10 ಮೈ ಇದೆ ಅಂದ್ಕೊಳ್ಳಿ, ಮೂರನೇ ಒಂದು ಭಾಗ ಬೆಳಕು ದಾರೀಲೇ ಹೋಯ್ತು, ಅದೂ ಸುಮ್ನೆ ಹೋಗಲ್ಲ, ಒಳಗೇ ಅಲ್ಲಿಲ್ಲಿ ಬಡ್ಕೊಂಡು ಚಿತ್ರನ ಹಾಲು ಹಾಲು ಮಾಡುತ್ತೆ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಸ್ಮಾಕುಲಾ ಅನ್ನೋರು ಇದಕ್ಕೆ ತೆಳು ಲೇಪ ಕಂಡುಹಿಡಿದ್ರು, ಇವತ್ತು ಕಮ್ಮಿ ರೇಟಿನ ಸ್ಕೋಪಿಗೂ ಅದು ಇದೆ. ಆದ್ರೆ ಡಬ್ಬಿ ಮೇಲಿನ ಮಾತು ಸರಿಯಾಗಿ ಓದಬೇಕು. ಬರೀ 'ಕೋಟೆಡ್' ಅಂದ್ರೆ ಯಾವುದೋ ಒಂದು ಲೆನ್ಸ್‌ಗೆ ಒಂದು ಲೇಪ, 'ಮಲ್ಟಿ ಕೋಟೆಡ್' ಅಂದ್ರೆ ಕೆಲವಕ್ಕೆ ಹಲವು ಲೇಪ, 'ಫುಲ್ಲಿ ಮಲ್ಟಿ ಕೋಟೆಡ್' ಅಂದ್ರೆ ಗಾಳಿಗೆ ತಾಗೋ ಎಲ್ಲಾ ಮೈಗೂ ಹಲವು ಲೇಪ. ಕೊನೇದು ಇಲ್ಲದಿದ್ರೆ ಮುಂದೆ ಹೋಗಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಸ್ಕೋಪೂ ಚೆಂದವೇ, ಸಾಧ್ಯ ಆದ್ರೆ ಹೊತ್ತು ಮುಳುಗೋ ಟೈಮಲ್ಲಿ ಹೊರಗೆ ತಂದು ಮರದ ಕೆಳಗಿನ ನೆರಳಿನ ಕಡೆ ನೋಡಿ, ಕೊಂಬೆ ಅಂಚಿಗೆ ನೇರಳೆ ಹಸಿರು ಗೆರೆ ಬಂದ್ರೆ, ಬದಿಗಳು ಕಲಸಿದ್ರೆ, ಅಲ್ಲಿಗೇ ಗೊತ್ತಾಗುತ್ತೆ.

ಕೆಂಪು ಲೈಟ್ ಇರೋ ಗುರಿ ಗೆರೆ ಅಂದ್ರೆ ಕ್ರಾಸ್‌ಹೇರ್, ದೂರಕ್ಕೆ ತಕ್ಕ ಹಾಗೆ ಚುಕ್ಕಿ ಗೆರೆ, ಇವೆಲ್ಲಾ ಇದ್ರೆ ಇರಲಿ, ಅದಕ್ಕಂತ ದುಡ್ಡು ಕೊಡ್ಬೇಡಿ. ಕಮ್ಮಿ ರೇಟಿನ ಲೈಟು ಮಬ್ಬಲ್ಲಿ ಕಣ್ಣು ಕುಕ್ಕಿ ಪ್ರಾಣಿನೇ ಮರೆ ಮಾಡುತ್ತೆ, ಹೊರಗೆ ದಪ್ಪ ಮಧ್ಯೆ ತೆಳು ಇರೋ ಹಳೇ ಡ್ಯುಪ್ಲೆಕ್ಸ್ ಗೆರೆ ಸಾಕು. ಇನ್ನು ಆ ಚುಕ್ಕಿಗಳು, ಇಂಥಾ ಸ್ಕೋಪ್‌ಗಳು ಬಹುತೇಕ ಸೆಕೆಂಡ್ ಫೋಕಲ್ ಪ್ಲೇನ್, ಅಂದ್ರೆ ಜೂಮ್ ಬದಲಾದ್ರೂ ಗೆರೆ ಗಾತ್ರ ಬದಲಾಗಲ್ಲ, ಹಾಗಾಗಿ ಚುಕ್ಕಿ ಲೆಕ್ಕ ಒಂದೇ ಜೂಮ್‌ನಲ್ಲಿ ಸರಿ, ಸಾಮಾನ್ಯವಾಗಿ ಪೂರ್ತಿ ಏರಿಸಿದಾಗ. 5ರಲ್ಲಿ ಇಟ್ಟು ಮೂರನೇ ಚುಕ್ಕಿಯಿಂದ ಗುರಿ ಹಿಡಿದ್ರೆ ಗುಂಡು ಎಲ್ಲಿಗೋ.

ದುಡ್ಡು ಹಾಕಬೇಕಾದ ಜಾಗ ಬೇರೆ ಇದೆ, ಸ್ಕೋಪನ್ನ ರೈಫಲ್ ಮೇಲೆ ಹಿಡಿದಿಡೋ ರಿಂಗು ಮತ್ತೆ ಅದರ ಕೆಳಗಿನ ಬೇಸು. ಸ್ಕೋಪ್ ಕೆಟ್ಟಿದೆ, ಝೀರೋ (ಗುರಿ ಇಟ್ಟಲ್ಲೇ ಗುಂಡು ಬೀಳೋ ಹಾಗೆ ಮಾಡಿದ ಹೊಂದಾಣಿಕೆ) ನಿಲ್ತಿಲ್ಲ ಅಂತ ಬೈಯೋರಲ್ಲಿ ಅರ್ಧಕ್ಕರ್ಧ ಜನರ ತಪ್ಪು ಇಲ್ಲೇ ಇರುತ್ತೆ, ನನ್ನ ಅನುಭವದಲ್ಲಂತೂ ಹೌದು. ಸ್ಕೋಪ್ ಜೊತೆ ಫ್ರೀ ಬರೋ ಮೆತ್ತನೆ ರಿಂಗ್ ಎಸೆದುಬಿಡಿ. ಸ್ಕ್ರೂ ಬಿಗಿ ಮಾಡೋಕೆ ತೋಳಿನ ಬಲ ತೋರಿಸ್ಬೇಡಿ, ರಿಂಗ್ ಮೇಲಿನ ಸ್ಕ್ರೂಗೆ ಸಾಮಾನ್ಯವಾಗಿ 2 ನ್ಯೂಟನ್ ಮೀಟರ್ ಆಸುಪಾಸು ಸಾಕು, ರಿಂಗ್ ಮಾಡಿದವರೇ ಚೀಟಿಯಲ್ಲಿ ಬರೆದಿರ್ತಾರೆ, ಜಾಸ್ತಿ ಆದ್ರೆ ಸ್ಕೋಪಿನ ಟ್ಯೂಬ್ ನಜ್ಜುಗುಜ್ಜಾಗಿ ಒಳಗಿನ ಭಾಗ ಹಿಡ್ಕೊಳ್ಳುತ್ತೆ. ಕಣ್ಣಿಗೂ ಸ್ಕೋಪಿಗೂ ಮಧ್ಯ 9-10 ಸೆಂಟಿಮೀಟರ್ ಬಿಡಿ, ಕಾಡತೂಸು ದೊಡ್ಡದಾದಷ್ಟೂ ಇದು ಮುಖ್ಯ. ನನ್ನ ಬಲಗಡೆ ಹುಬ್ಬಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ಗಾಯದ ಗುರುತಿದೆ, ರೈಫಲ್ ಒದ್ದಾಗ ಸ್ಕೋಪ್ ಅಂಚು ಬಂದು ಕೊರೆದಿದ್ದು, ಮನೇಲಿ ಇವತ್ತಿಗೂ ನಗ್ತಾರೆ. ಸ್ಪ್ರಿಂಗ್ ಏರ್ ರೈಫಲ್ ಇರೋರು ಇನ್ನೂ ಹುಷಾರು, ಅದು ಹಿಂದಕ್ಕೂ ಒದ್ದು ಮುಂದಕ್ಕೂ ಎಗರುತ್ತೆ, ಕಾಡತೂಸು ಹಾಕೋ ದೊಡ್ಡ ಸೆಂಟರ್‌ಫೈರ್ ರೈಫಲ್ ಮೇಲೆ ಗಟ್ಟಿಯಾಗಿದ್ದ ಸ್ಕೋಪೂ ಅದರ ಮೇಲೆ ಸತ್ತೋಗಬಹುದು, ಏರ್ ರೈಫಲ್‌ಗೆ ಅಂತಲೇ ಬರೆದಿರೋದು ತಗೊಳ್ಳಿ.

ತಗೊಂಡ ವಾರದಲ್ಲೇ ಒಂದು ಪರೀಕ್ಷೆ ಮಾಡಿ, ಇದಕ್ಕೆ ಗುಂಡು ಖರ್ಚಿಲ್ಲ. ರೈಫಲ್ ಖಾಲಿ ಇದೆ ಅಂತ ಎರಡೆರಡು ಸಲ ನೋಡ್ಕೊಂಡು, ರೇಂಜಲ್ಲಿ ಅಲ್ಲಾಡದ ಹಾಗೆ ಸ್ಟ್ಯಾಂಡಿಗೆ ಬಿಗಿದು, 100 ಮೀಟರ್ ದೂರದಲ್ಲಿ ಸೆಂಟಿಮೀಟರ್ ಗೆರೆ ಹಾಕಿದ ದೊಡ್ಡ ಹಾಳೆ ನಿಲ್ಲಿಸಿ. ಕಾಲು ಎಂಓಎ (ಎಂಓಎ ಅಂದ್ರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸ್ಕೋಪ್ ಅಂದ್ರೆ ಒಂದು ಕ್ಲಿಕ್ಕಿಗೆ ಸುಮಾರು 7 ಮಿಲಿಮೀಟರ್, ಸ್ಕೋಪ್ ಮೇಲಿನ ತಿರುಗಣಿ 40 ಕ್ಲಿಕ್ ತಿರುಗಿಸಿದ್ರೆ ಕ್ರಾಸ್‌ಹೇರ್ 29 ಸೆಂಟಿಮೀಟರ್ ಸರೀಬೇಕು. ಮೇಲೆ 40, ಬಲಕ್ಕೆ 40, ಕೆಳಗೆ 40, ಎಡಕ್ಕೆ 40, ಹೊರಟ ಜಾಗಕ್ಕೇ ಬಂತಾ ನೋಡಿ. ಬರಲಿಲ್ಲ ಅಂದ್ರೆ ವಾರಂಟಿ ಕಾರ್ಡ್ ಹುಡುಕಿ. ನನ್ನ 6-24 ಒಂದು ಸುತ್ತಿಗೇ ನಾಲ್ಕು ಬೆರಳು ಆಚೆ ನಿಂತಿತ್ತು, ಆಮೇಲೆ ಮೊದಲನೇ ಮಳೆಗೆ ಒಳಗಡೆ ಆವಿ ಕಟ್ಟಿ ಬೆಳ್ಳಗಾಯ್ತು. ಆವಿ ಕಟ್ಟದ ಹಾಗೆ ನೈಟ್ರೋಜನ್ ತುಂಬಿದೆ ಅಂತ ಡಬ್ಬಿ ಮೇಲೆ ಬರೆದಿತ್ತು ಬಿಡಿ.

ಒಂದು ಮಾತು ಜೋರಾಗೇ ಹೇಳ್ತೀನಿ, ಸ್ಕೋಪ್ ಇರೋದು ಹುಡುಕೋಕಲ್ಲ. ಪೊದೆಯಲ್ಲಿ ಏನೋ ಅಲ್ಲಾಡ್ತು ಅಂತ ಸ್ಕೋಪ್‌ನಲ್ಲಿ ನೋಡಿದ್ರೆ ಅಲ್ಲಿರೋದು ಪ್ರಾಣಿಯೋ ಸೌದೆಗೆ ಬಂದ ಮನುಷ್ಯನೋ ಗೊತ್ತಾಗೋ ಮೊದಲೇ ನಳಿಗೆ ಅವನ ಕಡೆ ತಿರುಗಿರುತ್ತೆ. ಹಾಗಾಗಿ ಇರೋ ದುಡ್ಡನ್ನ ಎರಡು ಪಾಲು ಮಾಡಿ, ಸಾದಾ ಸ್ಕೋಪು ಒಂದು, ಕುತ್ತಿಗೆಗೆ ಹಾಕ್ಕೊಳ್ಳೋ ಬೈನಾಕ್ಯುಲರ್ ಒಂದು. 8×42 ಇದ್ರೆ ಸಾಕು.

ಕೊನೇದಾಗಿ ನಿಮ್ಮ ಬರಹದಲ್ಲಿ ಒಂದು ತಪ್ಪಿದೆ, 30 ಮಿಲಿಮೀಟರ್ ಟ್ಯೂಬ್ ಒಂದಿಂಚಿನ ಟ್ಯೂಬಿಗಿಂತ ಜಾಸ್ತಿ ಬೆಳಕು ಕೊಡುತ್ತೆ ಅಂತ ಹಾಕಿದೀರಿ. ದಪ್ಪ ಟ್ಯೂಬಿಂದ ಸಿಗೋದು ಕ್ರಾಸ್‌ಹೇರ್ ಮೇಲೆ ಕೆಳಗೆ ತಿರುಗಿಸೋಕೆ ಹೆಚ್ಚು ಜಾಗ, ಸ್ವಲ್ಪ ಗಟ್ಟಿತನ, ಬೆಳಕಲ್ಲ. ಅದಕ್ಕೆ ರಿಂಗೂ ಬೇರೆ ತಗೋಬೇಕಾಗುತ್ತೆ. ಮುಂದಿನ ಸಂಚಿಕೆಯಲ್ಲಿ ತಿದ್ದಿ ಹಾಕಿ.

ಇತಿ,
ನಿಮ್ಮ ಹಳೇ ಓದುಗ