ಮಗಳಿಗೊಂದು ಪತ್ರ: ನಿನ್ನ ಮಡಚುವ ಗೂಡುದೀಪ

ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರ ನೋಡಿದೆ. ಮಡಚಿ ಪಾರ್ಸೆಲ್ ಮಾಡಬಹುದಾದ ಗೂಡುದೀಪ. ಎಷ್ಟು ಚಂದದ ಯೋಚನೆ ಮಾರಾಯ್ತಿ! ಊರು ಬಿಟ್ಟು ಹೋದವರಿಗೆ ದೀಪಾವಳಿ ದಿನ ಬಾಲ್ಕನಿಯಲ್ಲಿ ಒಂದು ಗೂಡುದೀಪ ನೇತುಹಾಕಬೇಕು ಅಂತ ಎಷ್ಟು ಆಸೆ ಇರುತ್ತದೆ ಎಂದು ಮುಂಬೈಯ ದೊಡ್ಡಮ್ಮನನ್ನು ಕೇಳಿದರೆ ಸಾಕು. ಆದರೆ ಚಿತ್ರದ ಕೆಳಗೆ ಹೆಸರು, ಲೋಗೊ, ಇನ್‌ಸ್ಟಾಗ್ರಾಮ್ ಪೇಜು, ಐನೂರು ಪೀಸು ಅಂತೆಲ್ಲ ಬರೆದಿದ್ದೆಯಲ್ಲ, ಅದನ್ನು ಓದಿ ನನಗೆ ಸ್ವಲ್ಪ ಹೆದರಿಕೆಯಾಯಿತು. ಯಾಕೆಂದರೆ ಒಂದು ಗೂಡುದೀಪವನ್ನೂ ನೀನಿನ್ನೂ ಮಾಡಿ ನೋಡಿಲ್ಲ.

ಹಾಗಾಗಿ ಭಾನುವಾರ ನಾನೇ ಕುಳಿತುಕೊಂಡೆ. ಬಿದಿರಿನ ಕಡ್ಡಿ ಅಟ್ಟದಲ್ಲಿತ್ತು, ಅಪ್ಪ ಕತ್ತಿಯಲ್ಲಿ ಕೆತ್ತಿ ನಯ ಮಾಡಿ ಕೊಟ್ಟರು. ನೀನು ಬರೆದ ಹಾಗೆಯೇ ಎಂಟು ಮೂಲೆಗಳನ್ನೂ ನೂಲಿನಲ್ಲಿ ಸಡಿಲವಾಗಿ ಕಟ್ಟಿ, ಮೈದಾ ಅಂಟು ಕಾಯಿಸಿ, ಬಣ್ಣದ ಕಾಗದ ಅಂಟಿಸಿದೆ. ಒಣಗಿದ ಮೇಲೆ ಮಡಚಿದೆ. ಮಡಚುತ್ತದೆ! ನನಗೇ ಖುಷಿಯಾಯಿತು. ಆದರೆ ಮೂರನೇ ಸಲ ಮಡಚುವಾಗ ಕಾಗದ ಸರಿಯಾಗಿ ಮೂಲೆಯಲ್ಲೇ ಹರಿಯಿತು. ಇನ್ನೊಂದು ಕಾಗದ ಹಾಕಿದೆ, ಅದೂ ಅಲ್ಲೇ ಹರಿಯಿತು. ಆಮೇಲೆ ಬ್ಲೌಸಿನ ಲೈನಿಂಗ್ ಬಟ್ಟೆಯಲ್ಲಿ ಬೆರಳಗಲದ ಪಟ್ಟಿ ಕತ್ತರಿಸಿ ಮಡಿಕೆ ಬರುವ ಜಾಗಕ್ಕೆಲ್ಲ ಒಳಗಿನಿಂದ ಅಂಟಿಸಿದೆ. ಈಗ ಇಪ್ಪತ್ತು ಸಲ ಮಡಚಿ ಬಿಡಿಸಿದರೂ ಏನೂ ಆಗಿಲ್ಲ. ದೀಪ ಹೊತ್ತಿಸಿದಾಗ ಆ ಪಟ್ಟಿಗಳು ತೆಳು ಗೆರೆಗಳ ಹಾಗೆ ಕಾಣುತ್ತವೆ, ಅದೇ ಒಂದು ಚಂದ.

ಇದೆಲ್ಲ ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಕೈ ಹಾಕಿದ ಮೇಲೆಯೇ ಗೊತ್ತಾಗುವುದು.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತವಳು. ನೀನು ಆಗ ಎರಡನೇ ಕ್ಲಾಸು. ಒಬ್ಬರು ಅಂಗಡಿಯವರು ಬಟ್ಟೆ ಚೀಲ ಬೇಕು ಎಂದು ಬಾಯಲ್ಲಿ ಹೇಳಿದ್ದರು, ನಾನು ಇನ್ನೂರು ಚೀಲಕ್ಕೆ ಆಗುವಷ್ಟು ಬಟ್ಟೆ ತಂದು ರಾತ್ರಿಯೆಲ್ಲ ಕೂತು ಹೊಲಿದೆ. ಒಂದನ್ನಾದರೂ ಮೊದಲು ಹೊಲಿದು ತೋರಿಸಬೇಕಿತ್ತು, ತೋರಿಸಲಿಲ್ಲ. ಹಿಡಿ ಗಿಡ್ಡವಾಯಿತು, ಹೆಗಲಿಗೆ ಹಾಕಲು ಆಗುವುದಿಲ್ಲ ಎಂದು ಅವರು ಒಂದೂ ತೆಗೆದುಕೊಳ್ಳಲಿಲ್ಲ. ಆ ವರ್ಷ ನಿನ್ನ ಹುಟ್ಟುಹಬ್ಬಕ್ಕೆ ಹೊಸ ಫ್ರಾಕು ಇರಲಿಲ್ಲ, ನಿನಗೆ ನೆನಪಿದೆಯೋ ಇಲ್ಲವೋ.

ಈಗ ಲೆಕ್ಕ. ಕಡ್ಡಿ, ಕಾಗದ, ನೂಲು, ಅಂಟು, ಪಟ್ಟಿ ಎಲ್ಲ ಸೇರಿ 85 ರೂಪಾಯಿ. ಪೆಟ್ಟಿಗೆ ಮತ್ತು ಬೆಂಗಳೂರಿಗೆ ಕೊರಿಯರ್ 110. ನೀನು ಇಟ್ಟ ಬೆಲೆ 350, ಉಳಿಯುವುದು 155. ನನಗೆ ಹಿಡಿದ ಹೊತ್ತು ಮೂರು ಗಂಟೆಗಿಂತ ಜಾಸ್ತಿ. ಅಷ್ಟು ಹೊತ್ತಿನಲ್ಲಿ ಲೈನಿಂಗ್ ಬ್ಲೌಸ್ ಹೊಲಿದರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ, ಅಲ್ವಾ? ಹಾಗೆಂದು ಬೇಜಾರು ಮಾಡಬೇಡ, ದಾರಿ ಉಂಟು. ಯೂನಿಫಾರ್ಮ್ ಆರ್ಡರ್ ಬಂದಾಗ ನಾನು ಒಂದೊಂದೇ ಅಂಗಿ ಪೂರ್ತಿ ಮಾಡುವುದಿಲ್ಲ, ಮೊದಲು ಎಲ್ಲದರ ಕಟಿಂಗ್, ಆಮೇಲೆ ಎಲ್ಲದರ ಕಾಲರು. ಇದೂ ಹಾಗೆಯೇ. ರಟ್ಟಿನಲ್ಲಿ ಒಂದು ಅಳತೆ ಕತ್ತರಿಸಿಟ್ಟು ಹತ್ತರ ಕಾಗದ ಒಟ್ಟಿಗೆ ಕತ್ತರಿಸಬೇಕು, ಹತ್ತನ್ನೂ ಒಟ್ಟಿಗೆ ಕಟ್ಟಬೇಕು. ಎಷ್ಟು ಹೊತ್ತು ಉಳಿಯುತ್ತದೆ ಎಂದು ಹತ್ತು ಮಾಡಿಯೇ ನೋಡೋಣ, ಬೆಲೆ ಆಮೇಲೆ ಇಡು.

ಮತ್ತೆ ಮಳೆ. ಬೆಂಗಳೂರಿನಲ್ಲಿ ಕೂತವಳಿಗೆ ಇದು ಮರೆತುಹೋಗುತ್ತದೆ. ಈ ವರ್ಷ ದೀಪಾವಳಿ ನವೆಂಬರಿನಲ್ಲಿ, ತುಂಬಾ ದಿನ ಉಂಟು ಎಂದು ನೀನು ಬರೆದಿದ್ದೀಯ. ಜೂನ್ ಬಂದರೆ ಉಡುಪಿಯಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಅಂಟು ಎಲ್ಲಿ ಒಣಗುತ್ತದೆ? ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಬಿದಿರನ್ನು ಈ ಮೇ ಬಿಸಿಲಿಗೇ ಸೀಳಿ ಒಣಗಿಸಿ ಇಡಬೇಕು, ಇಲ್ಲದಿದ್ದರೆ ಕುಟ್ಟೆ ಹುಳ ಹಿಡಿದು ಪುಡಿ ಉದುರುತ್ತದೆ. ಮಳೆಗಾಲದಲ್ಲಿ ಬೇಕಾದರೆ ಕಟ್ಟುವ ಕೆಲಸ ಮಾಡಬಹುದು. ಅಂಟಿಸುವುದು ಸೆಪ್ಟೆಂಬರ್ ಕೊನೆಗೆ. ಪುಸ್ತಕ ಬೈಂಡಿಂಗಿನವರು ಹಾಕುವ ಹಾಗೆ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಬರುವುದಿಲ್ಲ, ಅದು ವಿಷ, ಕೈ ಸರಿಯಾಗಿ ತೊಳೆಯಬೇಕು. ಅಂದರೆ ನಮ್ಮ ಕೈಯಲ್ಲಿರುವುದು ಆರು ತಿಂಗಳಲ್ಲ, ಬಿಸಿಲಿನ ಕೆಲವು ವಾರ ಮಾತ್ರ. ಈ ವರ್ಷ ಇಪ್ಪತ್ತು ಮಾಡುವ.

ಆ ಇಪ್ಪತ್ತಕ್ಕೂ ಅರ್ಧ ಹಣ ಮುಂಗಡವಾಗಿ ತೆಗೆದುಕೋ. ಫೋಟೋ ನೋಡಿ ಸೂಪರ್ ಎಂದವರನ್ನು ಲೆಕ್ಕಕ್ಕೆ ಹಿಡಿಯಬೇಡ, ಹಣ ಹಾಕಿದವರನ್ನು ಮಾತ್ರ ಹಿಡಿ.

ಇದನ್ನು ಬರೆಯುವಾಗಲೇ ಪಿಗ್ಮಿಯವರು, ದಿನದ ಉಳಿತಾಯದ ಹಣ ಮನೆಗೇ ಬಂದು ತೆಗೆದುಕೊಳ್ಳುವವರು, ಬಂದು ಹೋದರು. ಪಿಗ್ಮಿ ಶುರುವಾದದ್ದು ನಮ್ಮ ಉಡುಪಿಯಲ್ಲೇ, ಗೊತ್ತಲ್ಲ? ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಸೇರಿ 1925ರಲ್ಲಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಅದನ್ನು ತಂದಿತು. ಬಡವರೂ ಹಣ ಉಳಿಸಬೇಕು ಎಂದು ಹೇಳುವವರು ಮೊದಲೂ ಇದ್ದರು. ಇವರು ದಿನಕ್ಕೆ ಎರಡಾಣೆ ಸಾಕು, ನಾವೇ ಮನೆ ಬಾಗಿಲಿಗೆ ಬರುತ್ತೇವೆ ಎಂದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರಿಗೆ ಅದೇ ಬೇಕಾಗಿತ್ತು. ನಿನ್ನ ಗೂಡುದೀಪ ಕೊಳ್ಳುವವರು ಎಲ್ಲಿ ಹೆದರಿ ನಿಲ್ಲುತ್ತಾರೆ ಎಂದು ನಾನು ಮೂರು ದಿನದಿಂದ ಯೋಚನೆ ಮಾಡುತ್ತಿದ್ದೇನೆ. ನನಗೆ ಅನಿಸುವುದು ಬಿಡಿಸುವಾಗ. ಚಪ್ಪಟೆ ಕಟ್ಟು ಕೈಗೆ ಬಂದಾಗ ಎಲ್ಲಿ ಹಿಡಿದು ಎಳೆಯುವುದು, ಹರಿದರೆ ಏನು ಮಾಡುವುದು ಎಂದು.

ಅದಕ್ಕೇ ನಾನು ಮಾಡಿದ ಈ ಗೂಡುದೀಪವನ್ನು ನಾಳೆ ರಾತ್ರಿ ಬಸ್ಸಿನಲ್ಲಿ ಕಳುಹಿಸುತ್ತೇನೆ. ನೀನು ಬಿಡಿಸಬೇಡ. ಗೂಡುದೀಪವೇ ನೋಡದ ನಿನ್ನ ರೂಮ್‌ಮೇಟ್ ಕೈಗೆ ಕೊಡು, ಏನೂ ಹೇಳಿಕೊಡದೆ ಪಕ್ಕದಲ್ಲಿ ಸುಮ್ನೆ ಕೂತು ನೋಡು. ಅವಳ ಕೈ ಎಲ್ಲಿ ನಿಂತಿತು ಎಂದು ರಾತ್ರಿ ಫೋನ್ ಮಾಡಿ ಹೇಳು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ಅಮ್ಮ